ಗನ್ನಿನ ಹೊಟ್ಟೆಗೆ ಕ್ಯಾಮೆರಾ ಕಟ್ಟಿದ್ದು

ಬೇಕಲದ ಕಡೆ ಪಾದೆಗಲ್ಲು ಇರುವಲ್ಲಿ ಉಸಿರು ಕಟ್ಟಿ ಮುಳುಗಿ ಈಟಿಗನ್ನಿನಲ್ಲಿ ಮೀನು ಹೊಡೆಯಲು ಶುರುಮಾಡಿ ನಾಲ್ಕು ವರ್ಷವಾಯಿತು. ಗುರಿ ಯಾಕೆ ತಪ್ಪಿತು ಎಂದು ನೀರಿನೊಳಗೆ ತಿಳಿಯುವುದೇ ಇಲ್ಲ. ಅದು ಗೊತ್ತಾಗಲಿ ಎಂದೇ ಗೋಪ್ರೊ ಎಂಬ ಪುಟ್ಟ ವಿಡಿಯೊ ಕ್ಯಾಮೆರಾ ತೆಗೆದುಕೊಂಡೆ. ಎಲ್ಲಿ ಕಟ್ಟುವುದು ಎಂದು ಕಲಿಯಲು ಒಂದು ಇಡೀ ಸೀಸನ್ ಹಿಡಿಯಿತು.

ತಲೆಗೆ ಕಟ್ಟುವ ಪಟ್ಟಿ ತಲೆಕೆಳಗಾಗಿ ಮುಳುಗುವಾಗ ನೀರಿನ ಎಳೆತಕ್ಕೆ ಜಾರಿತು. ಎದೆಗೆ ಕಟ್ಟಿದರೆ ಚಿತ್ರದಲ್ಲಿ ಬರೀ ಮರಳು. ಮಾಸ್ಕಿಗೆ ಸಿಕ್ಕಿಸಿದಾಗ ನೋಟ ಚೆನ್ನಾಗಿತ್ತು, ಆದರೆ ಕ್ಯಾಮೆರಾದ ಭಾರಕ್ಕೆ ಮಾಸ್ಕಿನ ಅಂಚು ಏಳುತ್ತದೆ, ನೀರು ಒಳಗೆ ಬರುತ್ತದೆ. ಕಡೆಗೆ ಗನ್ನಿಗೇ ಕಟ್ಟಿದೆ, ಮೊದಲು ಮೂತಿಯ ಹತ್ತಿರ, ಮೇಲ್ಗಡೆ. ಅದು ದೊಡ್ಡ ತಪ್ಪು. ಮೂತಿ ಕೆಳಗೆ ತೂಗುತ್ತದೆ, ಗನ್ನನ್ನು ಪಕ್ಕಕ್ಕೆ ತಿರುಗಿಸಿದರೆ ಹುಟ್ಟು ಎಳೆದ ಹಾಗೆ ನೀರು ತಡೆಯುತ್ತದೆ, ಗುರಿ ನೋಡುವ ಗೆರೆಗೂ ಅಡ್ಡ.

ಈಗ ಇರುವುದು ನಳಿಗೆಯ ಕೆಳಗಡೆ, ಹಿಡಿಯಿಂದ ಒಂದು ಗೇಣು ಮುಂದೆ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ನಳಿಗೆಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಕ್ಯಾಮೆರಾದ ಬುಡವನ್ನು ಪೈಪು ಬಿಗಿಯುವ ಎರಡು ಸ್ಟೇನ್‌ಲೆಸ್ ಹೋಸ್ ಕ್ಲಿಪ್ಪಿನಲ್ಲಿ ಬಿಗಿದಿದ್ದೇನೆ. ರಬ್ಬರು ಇಲ್ಲದಿದ್ದರೆ ಈಟಿ ಹಾರುವಾಗಿನ ಒದೆತಕ್ಕೆ ಕ್ಲಿಪ್ಪು ಜಾರುತ್ತದೆ. ಅಂಟಿನ ಬುಡವನ್ನು ನಾನು ನಂಬುವುದಿಲ್ಲ. ಕ್ಯಾಮೆರಾ ತಲೆಕೆಳಗಾಗಿರುವುದರಿಂದ ಸೆಟ್ಟಿಂಗಿನಲ್ಲಿ ಚಿತ್ರವನ್ನು ತಿರುಗಿಸಬೇಕು. ಬುಡ ಕಳಚಿದರೂ ಕ್ಯಾಮೆರಾ ಉಳಿಯಲಿ ಎಂದು ಹಿಡಿಗೆ ಒಂದು ಮೋಟು ಹಗ್ಗ.

ಕ್ಲಿಪ್ಪಿನ ತಿರುಪಿನ ಚಾಚಿದ ಕಿವಿ ಯಾವ ಬದಿಗಿದೆ ಎಂಬುದನ್ನು ನೋಡದೆ ಒಂದು ದಿನ ಹೋಗಿದ್ದೆ. ನನ್ನ ಗನ್ನಿನಲ್ಲಿ ಈಟಿಯ ದಾರ ಎಡಬದಿಯಲ್ಲಿ ಹಾಯುತ್ತದೆ, ಕಿವಿಯೂ ಎಡಕ್ಕಿತ್ತು. ದಾರ ಕಿವಿಗೆ ಸಿಕ್ಕಿ, ಬಿಟ್ಟ ಈಟಿ ಅರ್ಧದಲ್ಲೇ ಜಗ್ಗಿ ನಿಂತಿತು, ಒಳ್ಳೆಯ ಮುರು ಮೀನು ಕಲ್ಲಿನ ಸಂದಿಗೆ ಹೋಯಿತು. ಅಂದಿನಿಂದ ಕಿವಿ ಬಲಕ್ಕೆ, ಅದರ ಮೇಲೆ ಟ್ಯೂಬಿನ ಇನ್ನೊಂದು ಸುತ್ತು.

ನಾಲ್ಕೈದು ಮೀಟರ್ ಕೆಳಗೆ ಕೆಂಪನ್ನು ನೀರು ನುಂಗಿಬಿಡುತ್ತದೆ, ಕೆಂಪು ಮೀನಾದ ಕೆಂಬೇರಿಯೂ ಬೂದಿ ಬಣ್ಣಕ್ಕೆ ಬರುತ್ತದೆ. ತಿಳಿನೀರಿದ್ದರೆ ಕೆಂಪು ಫಿಲ್ಟರ್ ಹಾಕುತ್ತೇನೆ, ಕಲಂಕಿದ್ದರೆ ಇಲ್ಲ, ಇರುವ ಬೆಳಕೂ ಹೋಗುತ್ತದೆ. ಕ್ಯಾಮೆರಾದ ಕವಚವನ್ನು ಕಡಲತೀರದ ತೇವದ ಗಾಳಿಯಲ್ಲಿ ಮುಚ್ಚಬಾರದು, ಒಳಗೆ ಮಂಜು ಕಟ್ಟುತ್ತದೆ. ಮನೆಯಲ್ಲೇ ಒಣಗಿದ ಕೋಣೆಯಲ್ಲಿ, ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚುತ್ತೇನೆ.

ಅಲುಗಾಟ ತಡೆಯುವ ಸೆಟ್ಟಿಂಗನ್ನು ಆಫ್ ಮಾಡಿಯೇ ಇಡಿ. ನನಗೆ ಬೇಕಾದದ್ದನ್ನು ಅದು ಅಳಿಸಿಹಾಕುತ್ತಿತ್ತು. ಅದು ಆಫ್ ಇದ್ದರೆ ಈಟಿಯ ಮೊನೆ ಚಿತ್ರದ ಮೇಲಂಚಿನಲ್ಲಿ ಕದಲದೆ ನಿಂತಿರುತ್ತದೆ, ಟ್ರಿಗರ್ ಒತ್ತುವ ಹೊತ್ತಿಗೆ ಮೀನು ಮೇಲಕ್ಕೆ ಜಿಗಿದಂತೆ ಕಾಣುತ್ತದೆ. ಸೆಕೆಂಡಿಗೆ 120 ಫ್ರೇಮಿನಲ್ಲಿ ತೆಗೆದು ನಿಧಾನಕ್ಕೆ ಓಡಿಸಿದಾಗ ತಿಳಿಯಿತು, ಮೀನು ಇದ್ದಲ್ಲೇ ಇತ್ತು, ನನ್ನ ಮಣಿಕಟ್ಟು ಕೆಳಗಿಳಿದಿತ್ತು. ಮಾವನಿಗೆ ಫೋನಿನಲ್ಲಿ ತೋರಿಸಿದೆ. ಮೂರು ಸಲ ನೋಡಿ, "ಬೆರಳು ಮಾತ್ರ ಕದಲಲಿ ಅಳಿಯ, ಕೈ ಯಾಕೆ ಹೋಗ್ತದೆ?" ಅಂದರು.

ನಾನು ಮುಳುಗುವಾಗ ದೋಣಿಯಲ್ಲಿ ಕೂತು ನೋಡುತ್ತಿರುವವರು ಮಾವನೇ. ಕ್ಯಾಮೆರಾ ಓಡುತ್ತಿದೆ ಎಂದಾಗ ಇನ್ನೊಂದು ಗಳಿಗೆ ಕೆಳಗೆ ನಿಲ್ಲುವ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಮೇಲೆ ಬರುವ ಕೊನೆಯ ಕೆಲವು ಮೀಟರಿನಲ್ಲೇ ರಕ್ತದ ಆಮ್ಲಜನಕದ ಒತ್ತಡ ಕುಸಿದು ಪ್ರಜ್ಞೆ ತಪ್ಪುವುದು ಹೆಚ್ಚು. ಆದ್ದರಿಂದ ರೆಕಾರ್ಡಿಂಗ್ ಮೇಲೆಯೇ ಒತ್ತಿ ಇಳಿಯುತ್ತೇನೆ, ಕೆಳಗೆ ಗುಂಡಿ ಮುಟ್ಟುವುದಿಲ್ಲ. ಒಬ್ಬನೇ ಅಂತೂ ಇಳಿಯುವುದೇ ಇಲ್ಲ.

ಮನೆಗೆ ಬಂದ ಕೂಡಲೇ ಸಿಹಿನೀರಿನ ಬಕೆಟಿನಲ್ಲಿ ಎಲ್ಲ ಅದ್ದಿಡುತ್ತೇನೆ. ಕ್ಲಿಪ್ಪಿನ ತಿರುಪಿನ ಸಂದಿಯಲ್ಲಿ ಉಪ್ಪು ಕೂರುತ್ತದೆ, ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ತಪ್ಪಿದ ಹೊಡೆತಗಳ ವಿಡಿಯೊ ಒಂದನ್ನೂ ಅಳಿಸಿಲ್ಲ.