ರಸ್ತೆ ಅಗಲವಾಯಿತು ಸರಿ, ಟ್ರಾಫಿಕ್ ಇಳಿಯಿತೇ? ಅಳೆಯುವುದು ಹೀಗೆ

ಅಳತೆ ಶುರುವಾಗಬೇಕಾದದ್ದು ಕಾಮಗಾರಿಗೂ ಮೊದಲೇ. ರಸ್ತೆ ಅಗೆದ ಮೇಲೆ ಅಳೆದರೆ ಉಪಯೋಗವಿಲ್ಲ. ಆಗ ಅರ್ಧ ರಸ್ತೆ ಬಂದ್ ಆಗಿರುತ್ತದೆ, ಜನ ಬೇರೆ ದಾರಿ ಹಿಡಿದಿರುತ್ತಾರೆ. ಆ ಪಾಡಿಗೆ ಹೋಲಿಸಿದರೆ ಯಾವ ಹೊಸ ರಸ್ತೆಯೂ ಚೆನ್ನಾಗೇ ಕಾಣುತ್ತದೆ, ಅಲ್ವಾ?

ಮೊದಲು ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ಗುರುತು ಮಾಡಿಕೊಳ್ಳಿ. ಅಗಲವಾಗುವ ಭಾಗದ ಜೊತೆಗೆ ಅದರ ಹಿಂದಿನ, ಮುಂದಿನ ಜಂಕ್ಷನ್ನುಗಳೂ ಸೇರಲಿ. ಎಷ್ಟೋ ಸಲ ದಟ್ಟಣೆ ಮಾಯವಾಗುವುದಿಲ್ಲ, ಮುಂದಿನ ಸಿಗ್ನಲ್ಲಿಗೆ ಹೋಗಿ ಕೂರುತ್ತದೆ.

ನಂತರ ಪ್ರಯಾಣದ ಸಮಯ. ಒಂದು ಕಾರನ್ನು ಉಳಿದ ವಾಹನಗಳ ಜೊತೆಗೇ ಓಡಿಸಿ. ನಿಮ್ಮನ್ನು ಎಷ್ಟು ಜನ ಹಿಂದೆ ಹಾಕುತ್ತಾರೋ ಅಷ್ಟೇ ಜನರನ್ನು ನೀವೂ ಹಿಂದೆ ಹಾಕಿ. ಆಗ ಸಿಗುವುದು ಸರಾಸರಿ ವೇಗ. ಬೆಳಿಗ್ಗೆ, ಸಂಜೆಯ ರಶ್ಶಿನಲ್ಲಿ ಹಲವು ದಿನ ಹೀಗೆ ಮಾಡಿ. ರಸ್ತೆ ಖಾಲಿ ಇರುವಾಗಲೂ ಮಾಡಿ. ಖಾಲಿ ರಸ್ತೆಯಲ್ಲಿ 12 ನಿಮಿಷ, ರಶ್ಶಿನಲ್ಲಿ 30 ನಿಮಿಷ ಹಿಡಿದರೆ ಅನುಪಾತ 2.5. ದಟ್ಟಣೆಗೆ ಇದೇ ನೇರ ಅಳತೆ.

ವಾಹನಗಳ ಲೆಕ್ಕವೂ ಬೇಕು, 15 ನಿಮಿಷಕ್ಕೊಮ್ಮೆ. ಬೈಕ್, ಕಾರು, ಬಸ್ಸು, ಲಾರಿ ಬೇರೆ ಬೇರೆಯಾಗಿ. ಆದರೆ ಸುಮ್ನೆ ಇದೊಂದನ್ನೇ ನಂಬಬೇಡಿ. ರಸ್ತೆ ಖಾಲಿ ಇದ್ದರೂ ಲೆಕ್ಕ ಕಡಿಮೆ, ಜಾಮ್ ಆಗಿ ನಿಂತಿದ್ದರೂ ಕಡಿಮೆ!

ಹೋಲಿಸಲು ಅಗಲವಾಗದ ಇನ್ನೊಂದು ರಸ್ತೆ ಇಟ್ಟುಕೊಳ್ಳಿ. ನಿಮ್ಮ ರಸ್ತೆಯಲ್ಲಿ 4 ನಿಮಿಷ ಇಳಿದು, ಅಲ್ಲಿಯೂ 4 ನಿಮಿಷ ಇಳಿದಿದ್ದರೆ ಅದನ್ನು ಅಗಲೀಕರಣದ ಫಲ ಎನ್ನಲಾಗದು. ಪಕ್ಕದ ಸಮಾನಾಂತರ ರಸ್ತೆ ಮಾತ್ರ ಈ ಕೆಲಸಕ್ಕೆ ಬೇಡ. ಅಲ್ಲಿನ ವಾಹನಗಳೇ ಇತ್ತ ಬರುತ್ತವೆ. ಅದನ್ನು ಪ್ರತ್ಯೇಕವಾಗಿ ಅಳೆಯಿರಿ.

ಇನ್ನು ಬೇಕಾದದ್ದು ತಾಳ್ಮೆ. ರಸ್ತೆ ತೆರೆದ ತಿಂಗಳಲ್ಲೇ ತೀರ್ಪು ಕೊಡುವುದು ತಪ್ಪು. ಹೊತ್ತು ಬದಲಿಸಿ ಹೊರಡುತ್ತಿದ್ದವರು, ಬೇರೆ ದಾರಿ ಹಿಡಿದಿದ್ದವರು, ಬಸ್ಸು ರೈಲಿನಲ್ಲಿ ಹೋಗುತ್ತಿದ್ದವರು ಮೆಲ್ಲಗೆ ಇಲ್ಲಿಗೇ ಬರುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ ಇದರ ಬಗ್ಗೆ ಬರೆದಿದ್ದರು. ಅಮೆರಿಕದ ನಗರಗಳ ಹೆದ್ದಾರಿಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ತೋರಿಸಿತು: ರಸ್ತೆ ಎಷ್ಟು ಪಾಲು ಜಾಸ್ತಿಯಾಯಿತೋ, ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿಯಾಗಿತ್ತು. ಹಾಗಾಗಿ ಒಂದು ವರ್ಷದ ನಂತರ, ಮೂರು ವರ್ಷದ ನಂತರ, ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ.

ಸಮಯ ಇಳಿಯದಿದ್ದರೂ ಮೊದಲಿಗಿಂತ ಜಾಸ್ತಿ ಜನ ಓಡಾಡುತ್ತಿರಬಹುದು. ಅದೂ ಲಾಭವೇ. ಆದ್ದರಿಂದ ವರದಿಯಲ್ಲಿ ವಾಹನಗಳ ಪಕ್ಕದಲ್ಲಿ ಅವುಗಳಲ್ಲಿ ಹೋದ ಜನರ ಲೆಕ್ಕವನ್ನೂ ಬರೆಯಿರಿ.