ನನ್ನದೇ ಕೆನ್ನೆಯ ಕೋಶದಲ್ಲಿ ಬಾರ್ ಬಾಡಿ

ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಹೆಣ್ಣಿನ ಕೋಶದಲ್ಲಿ ಎಕ್ಸ್ ಕ್ರೋಮೋಸೋಮ್ ಎರಡಿದ್ದರೂ ಒಂದು ಮುದುಡಿಕೊಂಡು ಸುಮ್ನೆ ಕೂತಿರುತ್ತದೆ, ಅದೇ ಬಾರ್ ಬಾಡಿ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕಣ್ಣಾರೆ ನೋಡಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನೋಡಿಯೇ ಬಿಡೋಣ ಅಂತ ಲ್ಯಾಬಿನಲ್ಲಿ ಕೂತೆ.

ಐಸ್‌ಕ್ರೀಂ ಕಡ್ಡಿಯಿಂದ ಕೆನ್ನೆಯ ಒಳಗೆ ಕೆರೆದು ಸ್ಲೈಡಿಗೆ ಸವರಿದೆ. ಬರೀ ಬ್ಯಾಕ್ಟೀರಿಯಾ, ಹರಿದ ಕೋಶಗಳು. ಎರಡನೇ ಸಲ ಚೆನ್ನಾಗಿ ಬಾಯಿ ಮುಕ್ಕಳಿಸಿದೆ. ಮೊದಲು ಕೆರೆದದ್ದನ್ನು ಬಿಸಾಕಿ, ಅದೇ ಜಾಗದಲ್ಲಿ ಮತ್ತೆ ಕೆರೆದೆ. ಒಣಗುವ ಮುಂಚೆಯೇ ಸ್ಲೈಡನ್ನು 95% ಆಲ್ಕೋಹಾಲ್‌ನಲ್ಲಿ ಅರ್ಧ ಗಂಟೆ ಮುಳುಗಿಸಿದೆ. ಆಮೇಲೆ ಅಸಿಟೋ ಆರ್ಸೀನ್ ಬಣ್ಣ, ಕವರ್‌ಸ್ಲಿಪ್, ಎಣ್ಣೆ ಹಾಕಿ 100ರ ಲೆನ್ಸ್.

ಆಗ ಕಂಡಿತು. ಕ್ರೋಮೋಸೋಮ್‌ಗಳಿರುವ ನ್ಯೂಕ್ಲಿಯಸ್‌ನ ಅಂಚಿಗೆ ಒಳಗಿನಿಂದ ಒತ್ತಿಕೊಂಡ ಕಡು ಕೆಂಪು ಚುಕ್ಕೆ, ಹೆಚ್ಚುಕಡಿಮೆ ಒಂದು ಮೈಕ್ರಾನ್. ಫೋಕಸ್ ತಿರುಗಿಸಿದರೂ ಅಂಚು ಬಿಡಲಿಲ್ಲ. ನಡುವೆ ಕಾಣುವ ಚುಕ್ಕೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. 100 ನ್ಯೂಕ್ಲಿಯಸ್ ಎಣಿಸಿದೆ, 27ರಲ್ಲಿ ಸ್ಪಷ್ಟವಾಗಿತ್ತು. ಉಳಿದವುಗಳಲ್ಲೂ ಇರುತ್ತದೆ, ಆದರೆ ನಮ್ಮ ಕಣ್ಣಿಗೆ ಅಂಚಿನಲ್ಲಿ ಸಿಗುವುದಿಲ್ಲ ಅಷ್ಟೇ.

ಸೋಮವಾರ ಸ್ಲೈಡ್ ತೋರಿಸಿದಾಗ ಒಬ್ಬಳು ಕೇಳಿದಳು, "ಮೇಡಂ, ಆಫ್ ಆಗಿರೋದು ಅಪ್ಪನ ಎಕ್ಸೋ, ಅಮ್ಮನ ಎಕ್ಸೋ?"

ಎಂಥ ಪ್ರಶ್ನೆ, ಅಲ್ವಾ! ಮನುಷ್ಯರಲ್ಲಿ ಒಂದೊಂದು ಕೋಶದ್ದು ಒಂದೊಂದು ಥರ. ಭ್ರೂಣ ಇನ್ನೂ ಪುಟ್ಟದಿರುವಾಗಲೇ ಪ್ರತಿ ಕೋಶದಲ್ಲೂ ಎರಡರಲ್ಲಿ ಯಾವುದೋ ಒಂದು ಮುಚ್ಚುತ್ತದೆ. ಆ ಎಕ್ಸ್‌ನಲ್ಲೇ ಇರುವ ಕ್ಸಿಸ್ಟ್ ಅನ್ನುವ ಜೀನ್ ಒಂದು ಉದ್ದದ ಆರ್‌ಎನ್‌ಎ ತಯಾರಿಸುತ್ತದೆ. ಅದರಿಂದ ಪ್ರೋಟೀನ್ ಆಗುವುದಿಲ್ಲ. ತಾನು ಹುಟ್ಟಿದ ಎಕ್ಸ್‌ನ ಮೇಲೇ ಹರಡಿ ಅಲ್ಲಿನ ಹೆಚ್ಚಿನ ಜೀನ್‌ಗಳನ್ನು ಮುಚ್ಚಿಸುತ್ತದೆ. ಆ ಕೋಶದಿಂದ ಹುಟ್ಟಿದ ಕೋಶಗಳಲ್ಲೆಲ್ಲ ಅದೇ ಎಕ್ಸ್ ಮುಚ್ಚಿರುತ್ತದೆ.

ಮೂರು ಬಣ್ಣದ ಬೆಕ್ಕಿನ ಫೋಟೋ ತೋರಿಸಿದೆ. ಕಿತ್ತಳೆ ಬಣ್ಣದ ಜೀನ್ ಎಕ್ಸ್‌ನಲ್ಲಿದೆ. ಒಂದು ಎಕ್ಸ್ ಕೆಲಸ ಮಾಡುವ ಕಡೆ ಕಿತ್ತಳೆ ಮಚ್ಚೆ, ಇನ್ನೊಂದು ಮಾಡುವ ಕಡೆ ಕಪ್ಪು. ಬಿಳಿಗೆ ಬೇರೆ ಜೀನ್. 1949ರಲ್ಲಿ ಬಾರ್ ಮತ್ತು ಬರ್ಟ್ರಾಮ್ ಎಂಬ ವಿಜ್ಞಾನಿಗಳು ಈ ಚುಕ್ಕೆಯನ್ನು ಕಂಡದ್ದೂ ಬೆಕ್ಕಿನ ನರಕೋಶದಲ್ಲೇ. 1961ರಲ್ಲಿ ಮೇರಿ ಲಯನ್ ಇಲಿಗಳ ಮೈಬಣ್ಣ ನೋಡಿ ಇದರ ಅರ್ಥ ಬಿಡಿಸಿದರು.

"ನಮ್ಮದೂ ನೋಡೋಣ" ಅಂತ ಎಲ್ಲರೂ ಮುಗಿಬಿದ್ದರು. ನಾನು ಒಪ್ಪಲಿಲ್ಲ. ಒಂದೇ ಎಕ್ಸ್ ಇರುವ ಹುಡುಗಿಯಲ್ಲಿ ಈ ಚುಕ್ಕೆ ಇರುವುದಿಲ್ಲ, ಎಕ್ಸ್ ಜಾಸ್ತಿ ಇರುವ ಹುಡುಗನಲ್ಲಿ ಇರುತ್ತದೆ. ಅದು ಕ್ಲಾಸಿನ ನಡುವೆ ಗೊತ್ತಾಗಬಾರದು. ಹಾಗಾಗಿ ಈಗಲೂ ಪ್ರತಿ ವರ್ಷ ನನ್ನ ಕೆನ್ನೆಯನ್ನೇ ಕೆರೆಯುತ್ತೇನೆ.