ಯುಗಾದಿಯ ಹೊತ್ತಿಗೆ ಮನೆ ಮಾರುವವರಿಗೆ ಒಂದು ಸಲಹೆ

ಹುಬ್ಬಳ್ಳಿ-ಧಾರವಾಡದಲ್ಲಿ ಯುಗಾದಿಯ ಆಸುಪಾಸಿನಲ್ಲಿ ಮನೆ ಮಾರಲು ಯೋಚಿಸುತ್ತಿರುವವರು ಸುಣ್ಣ-ಬಣ್ಣಕ್ಕೆ ಕೈಹಾಕುವ ಮೊದಲು ಗೋಡೆಯ ಬಿರುಕುಗಳನ್ನು ಗಮನಿಸಬೇಕು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಸೀಳನ್ನು ಇಲ್ಲಿಯ ಗಿರಾಕಿ ಮೊದಲ ನೋಟಕ್ಕೇ ಗುರುತಿಸುತ್ತಾನೆ. ಅದನ್ನು ಪುಟ್ಟಿಯಿಂದ ಮುಚ್ಚುವ ಬದಲು, ದೋಷ ಗಿಲಾವಿನದೋ ಅಡಿಪಾಯದ್ದೋ ಎಂದು ಎಂಜಿನಿಯರರಿಗೆ ತೋರಿಸಿ, ದುರಸ್ತಿ ಮಾಡಿಸಿ, ಬಿಲ್ಲನ್ನು ಇಟ್ಟುಕೊಳ್ಳುವುದು ಲೇಸು. ಹೊಸ ಅಡುಗೆಮನೆಗೆ ಹಣ ಸುರಿಯುವುದು ಬೇಡ. ಅದು ಬೆಲೆಯಲ್ಲಿ ಪೂರ್ತಿ ಮರಳುವುದು ಅಪರೂಪ.

ಸಿಟಿಎಸ್ ಉತಾರ (ನಗರ ಮಾಪನ ಇಲಾಖೆಯ ಆಸ್ತಿ ದಾಖಲೆ), ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳನ್ನು ತೋರಿಸುವ ಪತ್ರ), ತೆರಿಗೆ ರಸೀದಿ ಇವುಗಳಲ್ಲಿ ಹೆಸರೂ ಅಳತೆಯೂ ತಾಳೆಯಾಗಬೇಕು. ಉತಾರ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ, ಜಾಹೀರಾತು ಕೊಡುವ ಮಾತು ಆಮೇಲೆ.

ಬೆಲೆಯ ವಿಷಯದಲ್ಲಿ, ಸರ್ಕಾರದ ಮಾರ್ಗಸೂಚಿ ದರವು ಮುದ್ರಾಂಕ ಶುಲ್ಕದ ಕನಿಷ್ಠ ಲೆಕ್ಕಕ್ಕೆ ಆಧಾರವೇ ಹೊರತು ಮಾರುಕಟ್ಟೆಯ ಬೆಲೆಯಲ್ಲ. ನಿಮ್ಮ ಓಣಿಯಲ್ಲಿ ಇತ್ತೀಚೆಗೆ ನಿಜವಾಗಿ ಕೈಬದಲಾದ ಮೊತ್ತವನ್ನು ವಿಚಾರಿಸಿ (ಏಜೆಂಟರು ಹೇಳುವ ಆಸೆಯ ಬೆಲೆಯನ್ನಲ್ಲ), ಜಾಗಕ್ಕೆ ಬೇರೆ, ಹಳೆಯ ಕಟ್ಟಡಕ್ಕೆ ಸವಕಳಿ ಕಳೆದು ಬೇರೆ ಲೆಕ್ಕ ಹಾಕಿ, ಚೌಕಾಶಿಗೆ ಸ್ವಲ್ಪ ಅವಕಾಶವಿಡಿ. ವ್ಯವಹಾರ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ, ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತ ಮಾಡುತ್ತಾರೆಂಬುದು ನೆನಪಿರಲಿ.